ಮುರಕಲ್ಲು, ಗದ್ದೆ, ಸಂಕ: ಒಂದು ಟ್ರೇಲ್ ಶೂವಿನ ಮಳೆಗಾಲ

ಈ ಟ್ರೇಲ್ ಶೂವಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದೆಲ್ಲ ಸೋಲಿನ, ಅಂದರೆ ಶೂವಿನ ಅಡಿಯ ರಬ್ಬರಿನ, ಹಲ್ಲಿನ ಹೊಗಳಿಕೆ. 5 ಮಿಲಿಮೀಟರ್ ಆಳದ ಹಲ್ಲು, ಎಂಥ ಕೆಸರಿಗೂ ಜಗ್ಗದ ಹಿಡಿತ, ಇತ್ಯಾದಿ. ಒಂದು ಮಳೆಗಾಲ ಪೂರ್ತಿ ಹಾಕಿಕೊಂಡು ಓಡಿದ್ದೇನೆ. ಈ ಶೂ ತೆಗೆದುಕೊಳ್ಳುವುದಾದರೆ ಹಲ್ಲು ನೋಡಿ ಬೇಡ. ಒಳಗೆ ಹೋದ ನೀರನ್ನು ಬೇಗ ಹೊರಗೆ ಬಿಡುತ್ತದೆ, ಅದಕ್ಕಾಗಿ ತೆಗೆದುಕೊಳ್ಳಿ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾಸರಗೋಡಿನಲ್ಲಿ ಓಡುವವರಿಗೆ ಅದೇ ದೊಡ್ಡ ಗುಣ. ಪೆಟ್ಟಿಗೆಯ ಮೇಲೆ ಅದರ ಸುದ್ದಿಯೇ ಇಲ್ಲ!

ಕಂಪನಿಯ ಹೆಸರು ಬರೆಯುವುದಿಲ್ಲ. ಮೂರು ಸಾವಿರದ ಆಚೆಈಚೆ ಸಿಗುವ ಟ್ರೇಲ್ ಶೂಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇವೆ. ತೆಳು ಜಾಲರಿ ಬಟ್ಟೆ, ಇವಿಎ ಫೋಮು, ಕೆಳಗೆ ಹಲ್ಲಿರುವ ರಬ್ಬರು. ನಾನು ಹೇಳುವ ಒಳ್ಳೆಯದು ಕೆಟ್ಟದ್ದು ಎರಡೂ ಅವುಗಳಲ್ಲಿ ಹಲವಕ್ಕೆ ಸರಿಹೊಂದೀತು.

ಬರೆಯುವವಳು ಯಾರೆಂದು ಗೊತ್ತಿದ್ದರೆ ಓದುವವರಿಗೆ ಅನುಕೂಲ. ಮನೆ ನೀರ್ಚಾಲಿನ ಹತ್ತಿರ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು, ಕೇರಳದ ಲೆಕ್ಕದಂತೆ 56ಕ್ಕೆ ನಿವೃತ್ತಿ ಆದವಳು. ನಮ್ಮ ಓಟದ ಕ್ಲಬ್ಬಿನಲ್ಲಿ ನಾನೇ ಹಿರಿಯಳು. ಮಾಸ್ಟರ್ಸ್ ಓಟದಲ್ಲಿ 35ರಿಂದ ಮೇಲೆ ಐದೈದು ವರ್ಷಕ್ಕೆ ಒಂದು ಗುಂಪು. 55ರಿಂದ 59ರ ಹೆಂಗಸರ ಗುಂಪಿನಲ್ಲಿ ಒಮ್ಮೊಮ್ಮೆ ನಾನೊಬ್ಬಳೇ ಇರುತ್ತೇನೆ. ಆದ್ದರಿಂದ ಮೆಡಲ್ ಬಂತು ಎಂದು ಯಾರೂ ಜಾಸ್ತಿ ಖುಷಿಪಡಬೇಕಾಗಿಲ್ಲ. ಟಾರು ರಸ್ತೆಯ ಮ್ಯಾರಥಾನ್ ನನಗೆ ಹಿಡಿಸುವುದಿಲ್ಲ. ಗುಡ್ಡೆ, ಗದ್ದೆ, ತೋಟ, ತೋಡು ಎನ್ನುವ ಸಣ್ಣ ಹಳ್ಳ ಎಲ್ಲ ದಾಟಿಸುವ ಕ್ರಾಸ್ ಕಂಟ್ರಿಯೇ ಇಷ್ಟ.

ಮೊದಲು ಅಳತೆ. ವಯಸ್ಸಾದ ಹಾಗೆ ಪಾದ ಹರಡಿಕೊಳ್ಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ? ಶಾಲೆಗೆ ಹೋಗುವಾಗ ಹಾಕುತ್ತಿದ್ದ 5ನೇ ನಂಬರು ಈಗ ಬೆರಳನ್ನು ಒತ್ತುತ್ತದೆ. ಹೆಂಗಸರ ಮಾದರಿಯಲ್ಲಿ ಅಗಲ ಸಾಲಲಿಲ್ಲ. ಕೊನೆಗೆ ಗಂಡಸರ 6ನೇ ನಂಬರು ತೆಗೆದುಕೊಂಡೆ. ಬಣ್ಣ ಮಾತ್ರ ಬೂದಿ. ಹೆಂಗಸರದಾದರೆ ಗುಲಾಬಿ ಅಥವಾ ನೇರಳೆ, ಬೇರೆ ಇಲ್ಲ. ಬೂದಿಯೇ ಲಾಯಕ್ಕಾಯಿತು, ಕೆಸರು ಕಾಣುವುದಿಲ್ಲ. ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ಗುಡ್ಡೆ ಇಳಿಯುವಾಗ ಉಗುರು ಮುಂದಕ್ಕೆ ಹೊಡೆದು ಕಪ್ಪಾಗುತ್ತದೆ. ಈ ಶೂವಿನಲ್ಲಿ ಬೆರಳಿನ ಕಡೆ ಜಾಗ ಧಾರಾಳ. ಹಿಮ್ಮಡಿ ಮಾತ್ರ ಸ್ವಲ್ಪ ಸಡಿಲ. ಲೇಸಿನ ಕೊನೆಯ ತೂತನ್ನೂ ಬಳಸಿ ಬಿಗಿದರೆ ಸರಿಯಾಗುತ್ತದೆ.

ಈಗ ನೀರಿನ ವಿಷಯ. ಅಡುಗೆಮನೆಯ ತಕ್ಕಡಿಯಲ್ಲಿ ಶೂ ತೂಗುವುದು ಮನೆಯವರಿಗೆ ಹಿಡಿಸಲಿಲ್ಲ. ಆದರೂ ತೂಗಿದೆ. ಒಣಗಿದ್ದಾಗ ಒಂದು ಶೂ 265 ಗ್ರಾಂ. ತೋಡಿನಲ್ಲಿ ಮುಳುಗಿಸಿ ಎತ್ತಿದ ಕೂಡಲೇ 390. ಹಾಕಿಕೊಂಡು ಅಂಗಳದಿಂದ ಪದವಿನವರೆಗೆ, ಅಂದರೆ ಗುಡ್ಡೆಯ ಮೇಲಿನ ಬಯಲಿನವರೆಗೆ, ಓಡಿ ಬಂದು ತೂಗಿದರೆ 310ಕ್ಕೆ ಇಳಿದಿತ್ತು. ನನ್ನ ಹಳೆಯ ರಸ್ತೆ ಶೂ ಇಷ್ಟೇ ಹೊತ್ತಿನಲ್ಲಿ ಅರ್ಧ ನೀರನ್ನೂ ಬಿಡುತ್ತಿರಲಿಲ್ಲ. ಅದರ ನಾಲಗೆಯ ಸ್ಪಂಜು ದಪ್ಪ, ಹಿಮ್ಮಡಿಯ ಸುತ್ತಲೂ ಸ್ಪಂಜು. ಇಲ್ಲಿ ನಾಲಗೆ ತೆಳು. ಬದಿಯ ಜಾಲರಿಯಿಂದ ಪ್ರತಿ ಹೆಜ್ಜೆಗೂ ನೀರು ಚಿಮ್ಮಿ ಹೊರಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಇದೇ ಕಂಪನಿಯದ್ದು ವಾಟರ್‌ಪ್ರೂಫ್ ಎನ್ನುವ ಇನ್ನೊಂದು ಮಾದರಿ ಇದೆ, ಬೆಲೆಯೂ ಜಾಸ್ತಿ. ನಮ್ಮಲ್ಲಿ ಅದು ಬೇಡವೇ ಬೇಡ. ತೋಡಿನ ನೀರು ಬರುವುದು ಮೊಣಕಾಲವರೆಗೆ. ಮೇಲಿನಿಂದ ಒಳಗೆ ಹೋದ ನೀರಿಗೆ ಅದರಲ್ಲಿ ಹೊರಗೆ ಬರುವ ದಾರಿ ಇಲ್ಲ.

ತೆಳು ಜಾಲರಿಗೆ ಒಂದು ದಂಡವೂ ಉಂಟು. ನಾಚಿಕೆ ಮುಳ್ಳು ಸೀದಾ ಒಳಗೆ ಬರುತ್ತದೆ. ದಪ್ಪ ಸಾಕ್ಸ್ ಹಾಕಿದರೆ ನೀರು ನಿಲ್ಲುತ್ತದೆ, ತೆಳು ಹಾಕಿದರೆ ಮುಳ್ಳು. ನಾನು ಮುಳ್ಳನ್ನೇ ಆರಿಸಿಕೊಂಡಿದ್ದೇನೆ. ಮಳೆ ಬಿಟ್ಟ ಹೊತ್ತಿನಲ್ಲಿ ಅಡಿಕೆಗೆ ಮದ್ದು ಬಿಡುತ್ತಾರಲ್ಲ, ಮೈಲುತುತ್ತು ಸುಣ್ಣದ ಆ ಬೋರ್ಡೋ ಹನಿ ಬಿದ್ದರೆ ನೀಲಿ ಕಲೆ ಹೋಗುವುದಿಲ್ಲ. ನನ್ನ ಎಡಗಾಲಿನ ಶೂ ಈಗ ಚುಕ್ಕೆ ಚುಕ್ಕೆ.

ಹಲ್ಲಿನ ಕಥೆ ನೆಲಕ್ಕೊಂದು ಥರ. ಗೇರು ಗುಡ್ಡೆಯ ಕೆಂಪು ಮಣ್ಣಿನಲ್ಲಿ, ತರಗೆಲೆಯ ಮೇಲೆ, ಹಿಡಿತ ತುಂಬ ಚೆನ್ನಾಗಿದೆ. ಪದವಿನ ಒಣ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಮೇಲೂ ತೊಂದರೆ ಇಲ್ಲ. ಕಲ್ಲೇ ತೂತು ತೂತು, ತರಿತರಿ. ಹಲ್ಲು ಸಿಕ್ಕಿಕೊಳ್ಳುತ್ತದೆ. ಜುಲೈ ಹೊತ್ತಿಗೆ ಅದೇ ಪಾರೆಯ ಮೇಲೆ ಕಪ್ಪು ಪಾಚಿ ಹಬ್ಬುತ್ತದೆ. ಅಲ್ಲಿ ಈ ಶೂ ದೇವರೇ ಗತಿ! ಹಲ್ಲು ಎಷ್ಟು ಆಳವಿದ್ದರೇನು, ಕಲ್ಲಿನೊಳಗೆ ಇಳಿಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ರಬ್ಬರಿನ ಮೆದುತನ. ಮೆದು ರಬ್ಬರು ಕಲ್ಲಿಗೆ ಅಂಟುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಆದರೆ ಜಾರುತ್ತದೆ. ಈ ಬೆಲೆಯಲ್ಲಿ ಕಂಪನಿಯವರು ಬಾಳಿಕೆಯನ್ನೇ ನೋಡಿದ್ದಾರೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಹಲ್ಲಿಗೆ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಮೆದು.

ಅಡಿಕೆ ಮರದ ಸಂಕದ, ಅಂದರೆ ತೋಡು ದಾಟುವ ಕಾಲುಸೇತುವೆಯ, ಮೇಲಂತೂ ಒದ್ದೆಯಲ್ಲಿ ಯಾವ ಶೂವನ್ನೂ ನಂಬಬೇಡಿ. ನಾನು ನಡೆದೇ ದಾಟುವುದು. ಕ್ಲಬ್ಬಿನ ಹುಡುಗರು ಹಿಂದಿನಿಂದ "ಟೀಚರೇ, ಟೈಮ್ ಹೋಗ್ತಾ ಉಂಟು" ಎಂದು ಕೂಗುತ್ತಾರೆ. ಹೋಗಲಿ ಬಿಡಿ. ಈ ಪ್ರಾಯದಲ್ಲಿ ಸೊಂಟದ ಮೂಳೆ ಮುರಿದರೆ ಟೈಮ್ ನೋಡುವವರು ಯಾರು?

ಗದ್ದೆಯ ಕೆಸರು ಇನ್ನೊಂದೇ ಲೋಕ. ಏಣಿಲು ಎನ್ನುವ ಮಳೆಗಾಲದ ಭತ್ತ ಕೊಯ್ದ ಮೇಲೆ ನಮ್ಮ ಕ್ಲಬ್ಬಿನವರು ಒಂದು ಓಟ ಇಡುತ್ತಾರೆ. ಅದರ ನಂತರದ ಎರಡನೇ ಬೆಳೆ, ಸುಗ್ಗಿ ಬೇಸಾಯ ಮಾಡುವವರು ಈಗ ಕಮ್ಮಿ. ಗದ್ದೆ ಖಾಲಿ ಇರುತ್ತದೆ. ಬೈಲಿನ ಉದ್ದಕ್ಕೂ ಹೋಗಿ, ಹುಣಿ ಎನ್ನುವ ಗದ್ದೆಯ ಬದು ಹಾರಿ, ತೋಟದ ಬದಿಯಿಂದ ಗುಡ್ಡೆ ಹತ್ತಿ, ತಿರುಗಿ ಇಳಿದು ಬರಬೇಕು. ಗಂಡಸರಿಗೆ 8 ಕಿಲೋಮೀಟರ್, ಹೆಂಗಸರಿಗೆ 5. ವಿಶ್ವ ಕ್ರಾಸ್ ಕಂಟ್ರಿಯಲ್ಲಿ 2017ರ ಕಂಪಾಲಾ ಕೂಟದಿಂದಲೇ ಸೀನಿಯರ್ ವಿಭಾಗದಲ್ಲಿ ಇಬ್ಬರಿಗೂ 10 ಕಿಲೋಮೀಟರ್ ಮಾಡಿದ್ದಾರೆ. ನಮ್ಮ ನೀರ್ಚಾಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ನಾನು ಜಗಳ ಮಾಡಿ 8ರಲ್ಲೇ ಓಡುತ್ತೇನೆ.

ಕಳೆದ ಓಟದ ಹಿಂದಿನ ಸಂಜೆ ಗುಡುಗು ಸಹಿತ ಚೆನ್ನಾಗಿ ಹೊಡೆದಿತ್ತು. ಬೆಳಿಗ್ಗೆ ಗದ್ದೆಯ ಮಣ್ಣು ಕಲಸಿಟ್ಟ ಹಿಟ್ಟಿನ ಹಾಗಿತ್ತು. ಮೊದಲ ಗದ್ದೆಯಲ್ಲೇ ಈ ಸೋಲಿನ ಗುಟ್ಟು ಗೊತ್ತಾಯಿತು. ನಡುವೆ, ಹಿಮ್ಮಡಿಯ ಕಡೆ, ಹಲ್ಲುಗಳ ನಡುವೆ ಒಳ್ಳೆಯ ಅಂತರ ಇದೆ. ಅಲ್ಲಿ ಕೆಸರು ಹಿಡಿದರೂ ಎರಡು ಹೆಜ್ಜೆಗೆ ಉದುರುತ್ತದೆ. ಬೆರಳಿನ ಕೆಳಗೆ ಮಾತ್ರ ಹಲ್ಲು ಒತ್ತೊತ್ತು. ಅಲ್ಲಿ ಕೂತ ಮಣ್ಣು ಏಳುವುದೇ ಇಲ್ಲ. ಅದರ ಮೇಲೆ ಕೂಳೆ, ಕೂಳೆಯ ಮೇಲೆ ಮತ್ತೆ ಮಣ್ಣು. ಮೂರನೇ ಹುಣಿಗೆ ಬರುವಾಗ ಪಾದದ ಮುಂಭಾಗ ಹಿಮ್ಮಡಿಗಿಂತ ಎತ್ತರ. ಹುಣಿಯ ಅಂಚಿಗೆ ಕೆರೆದು ತೆಗೆಯಬೇಕಾಯಿತು. ಕ್ಲಬ್ಬಿನ ಇನ್ನೊಬ್ಬರ ಶೂವಿನಲ್ಲಿ ಹಲ್ಲು ಕಮ್ಮಿ, ಅಂತರ ಜಾಸ್ತಿ. ಅವರು ಆರಾಮವಾಗಿ ಮುಂದೆ ಹೋದರು. ಗುಡ್ಡೆ ಹತ್ತುವಾಗ ಕೆಂಪು ಮಣ್ಣು ಬಂತು, ಆಗ ನಾನು ಕೆಲವರನ್ನು ಹಿಡಿದೆ. ಬಂದ ಸ್ಥಾನ, ಕೊನೆಯಿಂದ ಎಣಿಸಿದರೆ ಬೇಗ ಸಿಗುತ್ತದೆ.

ಸ್ಪೈಕ್ಸ್ ತೆಗೆದುಕೊಳ್ಳಿ ಟೀಚರ್ ಎಂದು ಒಬ್ಬ ಹುಡುಗ ಹೇಳುತ್ತಲೇ ಇದ್ದ. ಅವನದ್ದನ್ನು ನೋಡಿದೆ. ಮೊಳೆ ತಿರುಗಿಸಿ ಬದಲಿಸಬಹುದು, ಒಣ ಹುಲ್ಲಿಗೆ 9 ಮಿಲಿಮೀಟರ್, ಕೆಸರಿಗೆ 12 ಅಥವಾ 15. ಗದ್ದೆಯಲ್ಲಿ ಅವನು ಹಾರಿಕೊಂಡು ಹೋದ. ಮುರಕಲ್ಲು ಸಿಕ್ಕಿದ ಕೂಡಲೇ ಟಕ್ ಟಕ್ ಎಂದು ಹೆಜ್ಜೆ ಹುಡುಕುತ್ತಿದ್ದ. ಹುಲ್ಲಿನ ಮೈದಾನದಲ್ಲೇ ಸುತ್ತುವ ಓಟಕ್ಕೆ ಸ್ಪೈಕ್ಸ್ ಸರಿ. ನಮ್ಮ ಬೈಲು, ಗುಡ್ಡೆ ಒಟ್ಟಿಗೆ ಬರುವ ದಾರಿಗೆ ಸುಮ್ನೆ ದುಡ್ಡು ದಂಡ.

ಐವತ್ತು ದಾಟಿದವರು ಒಂದು ವಿಷಯ ಗಮನಿಸಬೇಕು. ಈ ಶೂವಿನ ಹಿಮ್ಮಡಿ, ಮುಂಭಾಗಕ್ಕಿಂತ ಕೇವಲ 4 ಮಿಲಿಮೀಟರ್ ಎತ್ತರ. ನನ್ನ ರಸ್ತೆ ಶೂವಿನಲ್ಲಿ 10 ಇತ್ತು. ಹಿಮ್ಮಡಿ ತಗ್ಗಿದಷ್ಟು ಮೀನಖಂಡಕ್ಕೂ ಹಿಂದಿನ ನರಕ್ಕೂ ಎಳೆತ ಜಾಸ್ತಿ. ನರ ಎಂದು ನಾವು ಹೇಳುವುದು, ಡಾಕ್ಟರ ಲೆಕ್ಕದಲ್ಲಿ ಅಕಿಲಿಸ್ ಸ್ನಾಯುರಜ್ಜು. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಅಲ್ಲಿ ಬಿಗಿ ಇರುವವರು ಈ ಶೂವನ್ನು ಮೊದಲ ವಾರಗಳಲ್ಲಿ ಚಿಕ್ಕ ಓಟಕ್ಕೆ ಮಾತ್ರ ಹಾಕಬೇಕು. ಸ್ವೀಡನ್ನಿನ ಆಲ್ಫ್ರೆಡ್ಸನ್ ಎಂಬ ಡಾಕ್ಟರು 1998ರಲ್ಲಿ ಪ್ರಕಟಿಸಿದ ಒಂದು ವ್ಯಾಯಾಮ ಇದೆ. ಮೆಟ್ಟಿಲ ಅಂಚಿನಲ್ಲಿ ನಿಂತು, ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗೆ ಇಳಿಸುವುದು. 15ರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ನಾನು ಜಗಲಿಯ ಮೆಟ್ಟಿಲಲ್ಲಿ ಕಂಬ ಹಿಡಿದು ಮಾಡುತ್ತೇನೆ. ಅದು ನಡೆದಿರುವಾಗಲೇ ಈ ಶೂವಿನಲ್ಲಿ ಪೊಸಡಿಗುಂಪೆ ಹತ್ತಿದ್ದು. ಸುಮಾರು 1,060 ಅಡಿ ಎತ್ತರದ ಆ ಗುಡ್ಡ ನಮ್ಮ ಕ್ಲಬ್ಬಿನವರ ಏರು ತಾಲೀಮಿನ ಜಾಗ. ಹತ್ತುವಾಗ ತಗ್ಗಿನ ಹಿಮ್ಮಡಿ ಮೀನಖಂಡ ಎಳೆಯಿತು. ಇಳಿಯುವಾಗ ಮಾತ್ರ ಪಾದ ಉಳುಕುವ ಹೆದರಿಕೆ ಕಮ್ಮಿ. ನೆಲಕ್ಕೆ ಹತ್ತಿರ ಇರುವುದರ ಲಾಭ ಅದು.

ಇನ್ನು ದೊಡ್ಡ ದೂರು. ಆಗಸ್ಟ್ ಮುಗಿಯುವ ಮೊದಲೇ ಬಲಗಾಲಿನ ಸೋಲು ಮುಂದಿನಿಂದ ಬಾಯಿ ಬಿಟ್ಟಿತು. ಮಂಗಳೂರಿನಲ್ಲಿ ತೆಗೆದುಕೊಂಡ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದವರು ತಿರುಗಿಸಿ ನೋಡಿ, "ಮೇಡಂ, ನೀರಿಗೆ ಹಾಕಿದ್ದೀರಿ. ವಾರಂಟಿ ಬರುವುದಿಲ್ಲ" ಎಂದರು. ಪೆಟ್ಟಿಗೆಯ ಮೇಲೆ ಕೆಸರಲ್ಲಿ ಹಾರುವವನ ಚಿತ್ರ ಇದೆಯಲ್ಲ ಎಂದೆ. ಅದು ಚಿತ್ರ ಎಂದರು. ಇನ್ನೇನು ಹೇಳುವುದು?

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಕಡೆ ಚಪ್ಪಲಿ ಹೊಲಿಯುವವರೊಬ್ಬರ ಹತ್ತಿರ ಕೊಟ್ಟೆ. ಅವರು ಬಾಯಿ ಬಿಟ್ಟ ಕಡೆ ಹೆಬ್ಬೆರಳು ತೂರಿಸಿ ನೋಡಿದರು.

"ಇದು ಅಂಟು ಮಾತ್ರ ಟೀಚರೇ. ಹೊಲಿಗೆಯೇ ಇಲ್ಲ."

"ಹಾಗಾದ್ರೆ ಸುತ್ತ ಹೊಲಿದು ಕೊಡಿ."

"ಅಡಿಯಿಂದ ಹೊಲಿದ್ರೆ ನೂಲು ಕಲ್ಲಿಗೆ ತಾಗಿ ಹೋಗ್ತದೆ. ಬದಿಯಿಂದ ಹಾಕುವ."

ಹಳೆಯ ಅಂಟನ್ನು ಮರಳು ಕಾಗದದಿಂದ ಉಜ್ಜಿ ತೆಗೆದರು. ಎರಡೂ ಕಡೆ ಹೊಸ ಅಂಟು ಸವರಿ, ಕೈಗೆ ಹತ್ತದಷ್ಟು ಆರುವವರೆಗೆ ಕಾದರು. ಆಮೇಲೆ ಒತ್ತಿ, ಕೊಕ್ಕೆ ಸೂಜಿಯಿಂದ ದಪ್ಪ ನೈಲಾನ್ ನೂಲಿನಲ್ಲಿ ಬದಿಯ ರಬ್ಬರಿನ ಮೂಲಕ ಸುತ್ತಲೂ ಹೊಲಿದರು. ಸರಿಯಾಗಿದ್ದ ಎಡಗಾಲಿನದ್ದಕ್ಕೂ ಹಾಕಿಸಿದೆ. ಎರಡಕ್ಕೂ ಸೇರಿ 150 ರೂಪಾಯಿ. ಗದ್ದೆ ಓಟದ ಕೆಸರಿನಲ್ಲೂ ಬಿಡಲಿಲ್ಲ. ಈ ಶೂ ತೆಗೆದುಕೊಳ್ಳುವವರು ಆ 150ನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಮಳೆ ಶುರುವಾಗುವ ಮೊದಲೇ ಹೊಲಿಸಿಬಿಡಿ.

ಒಣಗಿಸಲು ಬಚ್ಚಲು ಒಲೆಯ ಹತ್ತಿರ ಇಡಬಾರದು. ಬಿಸಿಗೆ ಅಂಟು ಸಡಿಲ ಆಗುತ್ತದೆ, ಫೋಮೂ ಕುಗ್ಗುತ್ತದೆ. ಒಳಗಿನ ಹಾಳೆ ತೆಗೆದು ಹೊರಗಿಟ್ಟು, ಹಳೆ ಪೇಪರು ತುರುಕಿ, ಫ್ಯಾನಿನ ಅಡಿ ಇಟ್ಟರೆ ಸಾಕು. ಪೇಪರು ಒದ್ದೆಯಾದ ಹಾಗೆ ಬದಲಿಸಬೇಕು.

ಟಾರು ರಸ್ತೆಯಲ್ಲಿ ಇದನ್ನು ಆದಷ್ಟು ಕಮ್ಮಿ ಹಾಕಿ, ಹಲ್ಲು ಸವೆಯುವುದು ಅಲ್ಲೇ. ಅಂಗಡಿಗೆ ಸಂಜೆ ಹೊತ್ತು ಹೋಗಿ. ದಿನವಿಡೀ ನಿಂತ ಕಾಲು ಆಗ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಊದುತ್ತದೆ. ಓಡುವ ಸಾಕ್ಸನ್ನೇ ಒಯ್ದು ಹಾಕಿ ನೋಡಿ. ಕೊಡುವವರು ಹೆಂಗಸರ ಕಪಾಟಿನ ಕಡೆಗೇ ಕರೆದುಕೊಂಡು ಹೋಗುತ್ತಾರೆ. ಅಗಲ ಸಾಲದಿದ್ದರೆ ನಾಚಿಕೆ ಇಲ್ಲದೆ ಗಂಡಸರ ಕಪಾಟಿನದ್ದನ್ನೂ ತೆಗೆಸಿ.