ಮಾಲೀಕರು ರಿಪೇರಿ ಮಾಡಿಸದಿದ್ದರೆ: ನಾವೇ ಮಾಡಿಸೋದಾ, ಮನೆ ಬಿಡೋದಾ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಅಡುಗೆಮನೆ ಎರಡು ಮಳೆಗಾಲ ಸೋರಿತು. ಒಲೆ ಪಕ್ಕ ಬಕೆಟ್ ಇಟ್ಟು, ಸ್ವಿಚ್ ಬೋರ್ಡಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಅನ್ನ ಮಾಡಿದ್ದೇವೆ. ಮಾಲೀಕರದು ಪ್ರತಿ ಸಲ "ಮುಂದಿನ ವಾರ" ಅನ್ನೋ ಮಾತು.

ನಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಕಾನೂನು ದಾರಿ ಕೊಟ್ಟಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟು ತಕ್ಕಷ್ಟು ಸಮಯ ಕಾದ ಮೇಲೂ ಮಾಡಿಸದಿದ್ದರೆ, ನಾವು ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. "ಮಾಡಿಸಲೇಬೇಕಾದ" ಅನ್ನೋ ಮಾತು ಮುಖ್ಯ. ಕರಾರು ಪತ್ರದಲ್ಲಿ ರಿಪೇರಿ ಯಾರದು ಅಂತ ಮೊದಲು ಓದಿ. ಬಾಯಿಮಾತು ಸಾಲದು, ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಸೋರುವಾಗಿನ ಫೋಟೋ, ಸಿಮೆಂಟಿನ ಬಿಲ್ಲು, ಗಾರೆ ಕೆಲಸದವರ ಕೂಲಿ ಚೀಟಿ ಎಲ್ಲ ಎತ್ತಿಡಿ.

ಮನೆ ಬಿಡೋದು ಸುಲಭ ಅನಿಸುತ್ತೆ, ಅಲ್ವಾ? ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಆದರೆ ಸಾಮಾನು ಸಾಗಿಸಬೇಕು, ಹೊಸ ಅಡ್ವಾನ್ಸ್ ಹೊಂದಿಸಬೇಕು, ಹಳೆಯದು ಕೈಗೆ ಬರೋವರೆಗೆ ಓಡಾಡಬೇಕು.

ಸುಮ್ನೆ ಬಾಡಿಗೆ ನಿಲ್ಲಿಸಬೇಡಿ, ಬಾಕಿದಾರರು ನೀವಾಗುತ್ತೀರಿ. ರಿಪೇರಿಗಾಗಿ ಕೋರ್ಟಿಗೆ ಹೋದರೆ ಸಮಯ ಜಾಸ್ತಿ ಬೇಕು.

ನಲ್ಲಿ, ಬಾಗಿಲು, ಸಣ್ಣ ಸೋರಿಕೆಯಾದರೆ ಪತ್ರ ಕೊಟ್ಟು ನೀವೇ ಮಾಡಿಸಿ. ಛಾವಣಿಯ ಕಬ್ಬಿಣ ಹೊರಗೆ ಕಂಡು ಗಾರೆ ಉದುರುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಮೊದಲು ಹೊರಡಿ, ಲೆಕ್ಕ ಆಮೇಲೆ.