95 ಎಂಎಂ ಪೋಲರೈಸರ್: ಎರಡು ವರ್ಷ, ಒಂದು ಕೊಯ್ದ ಹುಡ್

ಪೋಲರೈಸರ್ ಅಂದರೆ ಲೆನ್ಸಿನ ಬಾಯಿಗೆ ಹಾಕಿ ತಿರುಗಿಸುವ, ಹೊಳಪು ಕಳೆಯುವ ಗಾಜಿನ ಫಿಲ್ಟರ್. ನೀರಿನ ಮಿರುಗು ಹೋಗುತ್ತೆ ಅಂತ ತಂದಿದ್ದು. ನೀರಿನ ಮೇಲೇ ಕೈಕೊಟ್ಟಿತು.

ನನ್ನದು ದೂರದ ಹಕ್ಕಿಗಳಿಗೆ ಅಂತ ಇರುವ 150-600 ಎಂಎಂ ಜೂಮ್ ಲೆನ್ಸ್. ಅದರ ಬಾಯಿಗೆ 95 ಎಂಎಂ ಫಿಲ್ಟರೇ ಆಗಬೇಕು. ಆ ಅಳತೆಯ ಸರ್ಕ್ಯುಲರ್ ಪೋಲರೈಸರ್‌ಗೆ ಎಂಟೂವರೆ ಸಾವಿರ ಬಿತ್ತು. ಮನೆಯಲ್ಲಿ ಮೂರು ಅಂತ ಹೇಳಿದ್ದೇನೆ, ಇದನ್ನು ಓದುವ ನೆಂಟರು ದಯವಿಟ್ಟು ಬಾಯಿ ಬಿಡಬೇಡಿ.

ಮೊದಲ ಭಾನುವಾರವೇ ರಂಗನತಿಟ್ಟಿಗೆ ಹೋದೆ, ಬೆಳಗಿನ ಮೊದಲ ದೋಣಿ. ಬಂಡೆ ಮೇಲೆ ಬಣ್ಣದ ಕೊಕ್ಕರೆಗಳು, ಅದರಾಚೆ ಬೆಳ್ಳಿ ತಗಡಿನ ಹಾಗೆ ಹೊಳೆಯುವ ಕಾವೇರಿ. ಫಿಲ್ಟರ್ ತಿರುಗಿಸಿದೆ, ಹೊಳಪು ಹಾಗೇ ಇತ್ತು. ಇನ್ನೊಂದು ಸುತ್ತು ತಿರುಗಿಸಿದೆ. ಹುಟ್ಟು ಹಾಕುತ್ತಿದ್ದವರು ನೋಡಿ ನೋಡಿ ಕೊನೆಗೆ, "ಯಾಕ್ ಸಾರ್, ಬಲ್ಬ್ ಹಾಕೋರ್ ತರ ತಿರುಗುಸ್ತಾನೇ ಇದ್ದೀರಲ್ಲ, ಮೊಸಳೆ ನೀರಿಗಿಳೀತು ನೋಡಿ" ಅಂದರು. ಹೌದು, ಇಳಿದಾಗಿತ್ತು.

ಲೆಕ್ಕ ಅರ್ಥವಾಗಿದ್ದು ಮನೆಗೆ ಬಂದ ಮೇಲೆ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಮಾತ್ರ ಪೋಲರೈಸರ್ ಆ ಹೊಳಪನ್ನು ಪೂರ್ತಿ ಅಳಿಸುತ್ತದೆ. ದೋಣಿಯಲ್ಲಿ ಕೂತರೆ ಕ್ಯಾಮೆರಾ ನೀರಿನಿಂದ ಮೂರಡಿ ಮೇಲಿರುತ್ತದೆ, ಹಾಗಾಗಿ ಆ ಓರೆ ಸಿಗುವುದು ನಾಲ್ಕಡಿ ಆಚೆಯ ನೀರಿನಲ್ಲಿ. 600 ಎಂಎಂ ಹಿಡಿದುಕೊಂಡು ನಾಲ್ಕಡಿ ದೂರದ ನೀರನ್ನು ಯಾರು ನೋಡುತ್ತಾರೆ? ಅಷ್ಟು ಹತ್ತಿರಕ್ಕೆ ಫೋಕಸ್ಸೇ ಆಗಲ್ಲ. ಹಕ್ಕಿ ಕೂತಿರುವುದು ಎಪ್ಪತ್ತಡಿ ಆಚೆ. ಅಲ್ಲಿಗೆ ನೋಟ ನೀರನ್ನು ಸವರಿಕೊಂಡು ಹೋಗುತ್ತದೆ, ಫಿಲ್ಟರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದೇ ಶ್ರೀರಂಗಪಟ್ಟಣದಲ್ಲಿ ಸೇತುವೆ ಮೇಲಿಂದ ಲೆನ್ಸ್ ಬಗ್ಗಿಸಿದಾಗ ತಳದ ಕಲ್ಲು, ಪಾಚಿ, ಮೀನಿನ ಬೆನ್ನು ಎಲ್ಲ ಕಂಡವು. ಎತ್ತರ ಬೇಕು, ಅಷ್ಟೆ. ಮೊದಲೇ ಗೊತ್ತಿದ್ದರೆ ಆ ದುಡ್ಡಿಗೆ ಒಳ್ಳೆ ಮಾನೋಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ತಗೋತಿದ್ದೆ.

ಬೆಳಕಿನ ತೆರಿಗೆ ಬೇರೆ. ಒಂದೂವರೆ ಸ್ಟಾಪ್ ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದ ಹಾಗೆ). 600ರಲ್ಲಿ ನನ್ನ ಲೆನ್ಸ್ ಎಫ್/6.3ಕ್ಕಿಂತ ಅಗಲ ತೆರೆಯಲ್ಲ. ಹಾರುವ ಹಕ್ಕಿಗೆ 1/1600 ಸೆಕೆಂಡಿನ ಶಟರ್ ಬೇಕು ಅಂದರೆ 800ರಲ್ಲಿದ್ದ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಅಳತೆ) 2,200 ದಾಟುತ್ತದೆ. ಮೋಡದ ದಿನ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತಾ ಕೂರುತ್ತದೆ.

ಇನ್ನು ಹುಡ್ಡಿನ, ಅಂದರೆ ಲೆನ್ಸಿನ ಬಾಯಿಗೆ ಹಾಕುವ ಬಿಸಿಲು ತಡೆಯುವ ಕೊಳವೆಯ, ಗೋಳು. ಲಕ್ಷಗಟ್ಟಲೆ ಬೆಲೆಯ 500, 600 ಪ್ರೈಮ್‌ಗಳಲ್ಲಿ (ಜೂಮ್ ಆಗದ ಲೆನ್ಸ್‌ಗಳಲ್ಲಿ) ಫಿಲ್ಟರ್ ಹಿಂಬದಿಯಲ್ಲಿ ಡ್ರಾಯರ್ ಥರ ಒಳಗೆ ಕೂರುತ್ತದೆ, ಹೊರಗೊಂದು ಪುಟ್ಟ ಚಕ್ರ, ಬೆರಳಲ್ಲಿ ತಿರುಗಿಸಿದರೆ ಆಯಿತು. ನಮ್ಮಂಥವರಿಗೆ ಫಿಲ್ಟರ್ ಮುಂದೆ, ಆಳವಾದ ಹುಡ್ಡಿನ ತಳದಲ್ಲಿ. ಕೈ ಹಾಕಿದರೆ ಗಾಜಿನ ಮೇಲೆ ಹೆಬ್ಬೆರಳು. ಮೂರು ತಿಂಗಳು ಸಹಿಸಿಕೊಂಡು, ಒಂದು ರಾತ್ರಿ ಹ್ಯಾಕ್‌ಸಾ ಬ್ಲೇಡ್ ತಗೊಂಡು ಹುಡ್ಡಿನ ಕೆಳಬದಿಗೆ ಎರಡು ಬೆರಳು ತೂರುವಷ್ಟು ಕಿಂಡಿ ಕೊಯ್ದೆ. ಅಂಚನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಮೇಲೆ ಕಪ್ಪು ಟೇಪಿನ ಮುಚ್ಚಳ. ಈ ಎರಡು ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆ ಕೆಲಸ ಅದು. ಈಗ ಎಡಗೈ ಲೆನ್ಸನ್ನು ಹೊತ್ತಿರುವಾಗಲೇ ತೋರುಬೆರಳು ಕಿಂಡಿಯಲ್ಲಿ ರಿಂಗನ್ನು ಹುಡುಕಿಕೊಳ್ಳುತ್ತದೆ. ರಿಂಗಿನ ಮೇಲೆ ಬಿಳಿ ನೈಲ್ ಪಾಲಿಷ್‌ನ ಒಂದು ಚುಕ್ಕೆ ಇಟ್ಟಿದ್ದೇನೆ (ಮಗಳ ಕೊಡುಗೆ), ಚುಕ್ಕೆ ಎಲ್ಲಿದೆ ನೋಡಿದರೆ ಎಷ್ಟು ತಿರುಗಿದೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಲೆನ್ಸನ್ನು ಸ್ಟ್ಯಾಂಡಿಗೆ ಹಿಡಿಯುವ ಕಾಲರ್ ಸಡಿಲಿಸಿ ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದರೆ ಫಿಲ್ಟರೂ ಜೊತೆಗೇ 90 ಡಿಗ್ರಿ ತಿರುಗುತ್ತದೆ, ಅಳಿಸಿದ ಹೊಳಪೆಲ್ಲ ವಾಪಸ್. ಇದನ್ನು ಮರೆತು ಒಂದಿಡೀ ಬೆಳಗಿನ ಹೆಜ್ಜಾರ್ಲೆ ಚಿತ್ರಗಳು ಹಾಳಾದವು.

ಇಷ್ಟು ಬೈದ ಮೇಲೂ ಮಾರಿಲ್ಲ. ಕಾರಣ ಎಲೆಗಳು.

ಜುಲೈನಲ್ಲಿ ಮಳೆ ನಿಂತು ಅರ್ಧ ಗಂಟೆಯಾಗಿತ್ತು. ದಡದ ಹೊಳೆಮತ್ತಿಯ ಕೊಂಬೆಯಲ್ಲಿ ಮಿಂಚುಳ್ಳಿ. ಸುತ್ತಲಿನ ಎಲೆಗಳ ಮೇಲೆ ಆಕಾಶದ ಬಿಳುಪು ಕೂತು ಎಲ್ಲ ಸುಣ್ಣ ಬಳಿದ ಹಾಗಿತ್ತು. ಚುಕ್ಕೆ ಕಾಲು ಸುತ್ತು ತಿರುಗಿತು ನೋಡಿ, ಬಿಳುಪು ಜಾರಿ ಹೋಗಿ ಒಳಗಿನ ಹಸಿರು ಎದ್ದು ಬಂತು, ನರ ನರ ಕಾಣುವಂಥ ಹಸಿರು. ಇದನ್ನು ಕಂಪ್ಯೂಟರಿನಲ್ಲಿ ತರಲಾಗುವುದಿಲ್ಲ, ಪ್ರಯತ್ನಿಸಿ ಸೋತಿದ್ದೇನೆ. ಒದ್ದೆ ಮೊಸಳೆಯ ಬೆನ್ನಿಗೂ ಇದೇ ಮದ್ದು, ಹುರುಪೆ ಹುರುಪೆಯೂ ಎಣಿಸಬಹುದು. ಆದರೆ ಪೂರ್ತಿ ತಿರುಗಿಸಬೇಡಿ, ಹಕ್ಕಿಯ ಕಣ್ಣಿನ ಮಿಂಚೂ ಅದರ ಜೊತೆ ಹೋಗಿಬಿಡುತ್ತದೆ. ಮಿಂಚಿಲ್ಲದ ಕಣ್ಣು ಗೊಂಬೆಯ ಕಣ್ಣು.

ಇನ್ನೊಂದು ಖುಷಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು. ಅಲ್ಲಿ ಹುಣಸೆ ಮರದ ನೆತ್ತಿಯಲ್ಲಿ ಗೂಡು, ಹಿಂದೆ ಬರೀ ಆಕಾಶ. ಸೂರ್ಯನನ್ನು ಹೆಗಲ ಮೇಲಿಟ್ಟುಕೊಂಡು, ಅಂದರೆ ಅಡ್ಡಕ್ಕೆ 90 ಡಿಗ್ರಿಯಲ್ಲಿ ನಿಂತರೆ ನೀಲಿ ಗಾಢವಾಗಿ ಇಳಿಯುತ್ತದೆ. ಅಗಲ ನೋಟದ ವೈಡ್ ಲೆನ್ಸಿನಲ್ಲಾದರೆ ಆಕಾಶ ಒಂದು ಕಡೆ ಕಪ್ಪು, ಒಂದು ಕಡೆ ತೆಳು ಆಗಿ ಅಸಹ್ಯ. ನನ್ನದರಂಥ ಟೆಲಿ ಲೆನ್ಸಿನ ಕಣ್ಣು ಕಿರಿದು, ಹಾಗಾಗಿ ನೀಲಿ ಒಂದೇ ಸಮ. ತೋಟದ ಮೂಲೆಯಲ್ಲಿ ನಿಂತಿದ್ದ ಅಜ್ಜಿಗೆ ಗೂಡಿನ ಹಕ್ಕಿಗಳನ್ನು ಪರದೆಯಲ್ಲಿ ತೋರಿಸಿದೆ. "ಬಾಣಂತೀರ್ನ ಹಿಂಗೆಲ್ಲ ದಿಟ್ಟಿಸಿ ನೋಡ್ಬಾರ್ದು ಕಣಪ್ಪ" ಅಂದರು, ಆಮೇಲೆ ತಾವೇ ಇನ್ನೊಂದು ಸಲ ನೋಡಿದರು.

ಹೋದ ಏಪ್ರಿಲ್‌ನಲ್ಲಿ ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡಿತು. ಬಿಗಿ ಹಿಡಿದಷ್ಟೂ ರಿಂಗ್ ಅಂಡಾಕಾರವಾಗಿ ಇನ್ನೂ ಕಚ್ಚುತ್ತದೆ, ಹಾಗೆ ಮಾಡಬೇಡಿ. ಹೂವಿನ ಪೊಟ್ಟಣದ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿ ಅಂಗೈಯನ್ನು ಚಪ್ಪಟೆ ಒತ್ತಿ ತಿರುಗಿಸಿದ ಮೇಲೆ ಬಿಟ್ಟಿತು. ಈಗ ದೋಣಿಯ ದಿನ ಫಿಲ್ಟರ್ ಬ್ಯಾಗಲ್ಲೇ ಇರುತ್ತದೆ. ರಬ್ಬರ್ ಬ್ಯಾಂಡೂ ಅದರ ಡಬ್ಬಿಯಲ್ಲೇ. ಮಳೆ ಬಿದ್ದ ಮೇಲೆ, ಇಲ್ಲ ಕೊಕ್ಕರೆ ಬೆಳ್ಳೂರಿಗೆ ಹೋದಾಗ ಮಾತ್ರ ಆಚೆ ಬರುತ್ತದೆ.