ಸೆಂಟರ್ ಸ್ಪೀಕರ್: ದಿವಾನದ ತುದಿಯಲ್ಲಿ ಕೂತವರಿಗೆ ಯಾವುದು ಚಲೋ ಕೇಳುತ್ತದೆ?

ಹೋಂ ಥಿಯೇಟರಿನಲ್ಲಿ ಸಿನಿಮಾದ ಮಾತು ಬಹುಪಾಲು ಬರುವುದು ಸೆಂಟರ್ ಸ್ಪೀಕರಿನಿಂದ, ಅಂದರೆ ಎಡ-ಬಲದ ಸ್ಪೀಕರುಗಳ ನಡುವೆ ಟಿವಿಯ ಬಳಿ ಇಡುವುದರಿಂದ. ಅಂಗಡಿಯಲ್ಲಿ ಅದನ್ನು ಕೇಳಿಸುವಾಗ ನಟ್ಟನಡುವಿನ ಕುರ್ಚಿಯಲ್ಲಿ ಕೂಡಿಸುತ್ತಾರೆ, ಅಲ್ಲಿ ಎಲ್ಲವೂ ಚೆಂದವೇ. ಬಾಗಲಕೋಟೆ, ವಿಜಯಪುರದ ಪಡಸಾಲೆಗಳಲ್ಲಿ ಜನ ಹಾಗೆ ಕೂಡುವುದಿಲ್ಲ. ಗೋಡೆಗೆ ಹಚ್ಚಿದ ದಿವಾನದ ಮೇಲೆ ಇಬ್ಬರು, ಕೆಳಗೆ ಜಮಖಾನೆಯ ಮೇಲೆ ನಾಲ್ವರು, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು. ಹೀಗಾಗಿ ಈ ಹೋಲಿಕೆಯಲ್ಲಿ ತೀರ್ಪು ಕೊಟ್ಟದ್ದು ದಿವಾನದ ತುದಿ.

ಜಾಗ ಬಾಗಲಕೋಟೆ ನವನಗರದ ಒಂದು ಪಡಸಾಲೆ: 11 ಅಡಿ ಅಗಲ, 16 ಅಡಿ ಉದ್ದ, ಶಹಾಬಾದ ಫರಸಿಯ ನೆಲ. ಟಿವಿಯಿಂದ ಕೂಡುವ ಜಾಗ 3 ಮೀಟರ್, ದಿವಾನದ ತುದಿ ನಡುವಿನಿಂದ 1.5 ಮೀಟರ್ ಪಕ್ಕಕ್ಕೆ. ಎಲ್ಲ ಸ್ಪೀಕರಿಗೂ ಅದೇ ರಿಸೀವರ್ (ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ), ಅದೇ ಎಡ-ಬಲದ ಜೋಡಿ, 80 ಹರ್ಟ್ಸ್ ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಸ್ವರವನ್ನು ಬೇಸ್ ಸ್ಪೀಕರಿಗೆ ಬಿಡುವ ಗಡಿ), ನಡುವಿನ ಜಾಗದಲ್ಲಿ ಟೆಸ್ಟ್ ಟೋನ್ 75 ಡೆಸಿಬಲ್. ಸದ್ದಿನ ಮಟ್ಟ ಸಮ ಮಾಡದೆ ಹೋಲಿಸಿದರೆ ಜೋರಾಗಿ ಕೇಳುವುದೇ ಪ್ರತಿ ಸಲ ಗೆಲ್ಲುತ್ತದೆ.

ಮೊದಲು ಸೆಂಟರ್ ಇಲ್ಲದೆಯೇ ಕೇಳಿ. ರಿಸೀವರಿನಲ್ಲಿ ಸೆಂಟರ್ ‘ನನ್’ (ಇಲ್ಲ) ಎಂದು ಇಟ್ಟರೆ ಮಾತು ಎಡ-ಬಲಕ್ಕೆ ಸಮನಾಗಿ ಹಂಚಿಹೋಗುತ್ತದೆ. ಒಬ್ಬರೇ, ಹೆಚ್ಚೆಂದರೆ ಇಬ್ಬರು ನಡುವೆ ಕೂತು ನೋಡುವ ಮನೆಗೆ ಇದೇ ಸಾಕು, ದುಡ್ಡೂ ಉಳಿಯಿತು. ತುದಿಗೆ ಸರಿದರೆ ಮಾತೆಲ್ಲ ಹತ್ತಿರದ ಸ್ಪೀಕರಿಗೆ ಓಡಿಹೋಗುತ್ತದೆ, ತುಟಿ ಒಂದು ಕಡೆ, ದನಿ ಒಂದು ಕಡೆ.

ಎರಡನೆಯದು ಮಾರುಕಟ್ಟೆಯಲ್ಲಿ ಎಲ್ಲೆಲ್ಲೂ ಸಿಗುವ ಅಡ್ಡ ಪೆಟ್ಟಿಗೆ: ಕೆಳಸ್ವರ ನುಡಿಸುವ ಎರಡು ವೂಫರ್, ನಡುವೆ ಮೇಲಿನ ಸ್ವರದ ಸಣ್ಣ ಟ್ವೀಟರ್. ಈ ಜೋಡಣೆ ನೆಟ್ಟಗೆ ನಿಲ್ಲಿಸಿದಾಗ ಒಳ್ಳೆಯದೇ. ಟಿವಿಯ ಕೆಳಗೆ ಹಿಡಿಸಲೆಂದು ಮಲಗಿಸಿದ್ದರಿಂದಲೇ ತಕರಾರು ಶುರು. ನಮ್ಮ ಪೆಟ್ಟಿಗೆಯಲ್ಲಿ ವೂಫರುಗಳ ನಡುವಿನಿಂದ ನಡುವಿಗೆ 32 ಸೆಂ.ಮೀ. ದಿವಾನದ ತುದಿಗೆ ಒಂದು ವೂಫರಿನ ಸದ್ದು ಇನ್ನೊಂದಕ್ಕಿಂತ ಸುಮಾರು 14 ಸೆಂ.ಮೀ. ಹೆಚ್ಚು ದೂರ ಹಾದು ಬರುತ್ತದೆ. 1200 ಹರ್ಟ್ಸ್ ಆಸುಪಾಸಿನಲ್ಲಿ ಅದು ಅರ್ಧ ತರಂಗದಷ್ಟು, ಅಂದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಮಾತಿನ ಸ್ಪಷ್ಟತೆ ಇರುವ ಜಾಗವೇ ಅದು. ಟೆಸ್ಟ್ ಟೋನಿನ ‘ಹುಶ್’ ಹಚ್ಚಿ ನಡುವಿನಿಂದ ದಿವಾನದವರೆಗೆ ಮೆಲ್ಲಗೆ ನಡೆಯಿರಿ. ಎರಡು ಹೆಜ್ಜೆಗೆ ಯಾರೋ ಬಾಯಿಗೆ ಅಂಗೈ ಅಡ್ಡ ಹಿಡಿದಂತೆ ಸದ್ದು ಬದಲಾಗುತ್ತದೆ. ರಿಸೀವರ್ ಮೈಕ್‌ನಿಂದ ಅಳೆದು ತಾನೇ ಸದ್ದು ಹೊಂದಿಸುವ ಆಟೋ ಕ್ಯಾಲಿಬ್ರೇಶನ್ ಇದನ್ನು ಸರಿಪಡಿಸಲಾರದು, ಯಾಕೆಂದರೆ ಈ ತಗ್ಗು ಒಂದೊಂದು ಜಾಗಕ್ಕೆ ಒಂದೊಂದು ಕಡೆ ಬೀಳುತ್ತದೆ. ಇದನ್ನೇ ಕೊಳ್ಳಬೇಕಾದರೆ 4 ಇಂಚಿನ ಸಣ್ಣ ವೂಫರಿನದು, ಅಥವಾ ಒಂದು ವೂಫರನ್ನು ಕೆಳಸ್ವರಕ್ಕಷ್ಟೇ ಬಿಟ್ಟಿರುವ ಎರಡೂವರೆ-ವೇ ವಿನ್ಯಾಸದ್ದು ನೋಡಿ.

ಇದೇ ಅಡ್ಡ ಪೆಟ್ಟಿಗೆಯ ತ್ರೀ-ವೇ, ಅಂದರೆ ಸ್ವರವನ್ನು ಮೂರು ಪಾಲು ಮಾಡಿ ನುಡಿಸುವುದು, ಬೇರೆಯೇ ಪ್ರಾಣಿ. ಟ್ವೀಟರ್ ಮೇಲೆ, ಅದರಡಿಗೆ ನಡುಸ್ವರದ ಸಣ್ಣ ಮಿಡ್‌ರೇಂಜ್, ಅಕ್ಕಪಕ್ಕ ವೂಫರ್. ವೂಫರುಗಳು 400-500 ಹರ್ಟ್ಸಿಗೇ ಕೈಬಿಟ್ಟು ಮೇಲಿನದನ್ನು ಮಿಡ್‌ರೇಂಜಿಗೆ ಒಪ್ಪಿಸುವುದರಿಂದ 14 ಸೆಂ.ಮೀ. ಅಂತರ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತುದಿಯಲ್ಲೂ ಸುದ್ದಿ ಓದುವವರ ದನಿ ಬದಲಾಗಲಿಲ್ಲ. ಪೆಟ್ಟಿಗೆ ಮಾತ್ರ ಭಾರ, ಎತ್ತರ, ದುಬಾರಿ.

ನಾಲ್ಕನೆಯದಾದ ಕೋಆಕ್ಸಿಯಲ್‌ನಲ್ಲಿ ಟ್ವೀಟರ್ ದೊಡ್ಡ ಸ್ಪೀಕರಿನ ಕೋನಿನ ನಟ್ಟನಡುವೆಯೇ ಕೂತಿರುತ್ತದೆ. ಕೆಇಎಫ್ ಕಂಪನಿಯ ಯೂನಿ-ಕ್ಯೂ 1988ರಿಂದ ಇರುವುದು ಇದೇ ರಚನೆಯಲ್ಲಿ. ಮಾತಿನ ಸದ್ದು ಒಂದೇ ಬಿಂದುವಿನಿಂದ ಹೊರಡುವುದರಿಂದ ದಿವಾನ, ಜಮಖಾನೆ, ಬಾಗಿಲು, ಎಲ್ಲೆಡೆ ಒಂದೇ ದನಿ. ನಮ್ಮ ಕಿವಿಗೆ ಇದೇ ಗೆದ್ದಿತು. ಷರತ್ತು ಒಂದೇ: ಎಡ-ಬಲದ ಸ್ಪೀಕರ್ ಬೇರೆ ಜಾತಿಯದಾದರೆ, ತೆರೆಯ ಈ ಬದಿಯಿಂದ ಆ ಬದಿಗೆ ಹಾಯುವ ಬೈಕಿನ ಸದ್ದು ನಡುವೆ ಬಂದಾಗ ಬಣ್ಣ ಬದಲಿಸುತ್ತದೆ.

ಆ ದೋಷವೇ ಇಲ್ಲದ್ದು ಎಡ-ಬಲಕ್ಕೆ ಇಟ್ಟಂಥದೇ ಮೂರನೆಯ ಬುಕ್‌ಶೆಲ್ಫ್ (ಕಪಾಟಿನಲ್ಲಿ ಇಡುವಷ್ಟು ಸಣ್ಣ ಸ್ಪೀಕರ್), ನೆಟ್ಟಗೆ ನಿಲ್ಲಿಸಿದ್ದು. ಮಲಗಿಸಿದರೆ ವೂಫರ್-ಟ್ವೀಟರ್ ಅಕ್ಕಪಕ್ಕವಾಗಿ ಮತ್ತೆ ಅದೇ ಹಾಡು. ತೊಡಕು ಎತ್ತರದ್ದು. 30 ಸೆಂ.ಮೀ. ಪೆಟ್ಟಿಗೆ ಟಿವಿಯ ಕೆಳಗಿನ ಅಂಚನ್ನು ಮುಚ್ಚುತ್ತದೆ, ಹಲವು ಟಿವಿಗಳ ರಿಮೋಟ್ ಸೆನ್ಸರ್ ಇರುವುದೂ ಅಲ್ಲೇ. ಟಿವಿಯನ್ನು ಗೋಡೆಗೆ ಸ್ವಲ್ಪ ಮೇಲೆ ಹಾಕಿಸಿದರೆ ಸರಿಹೋಗುತ್ತದೆ. ಜೋಡಿಯಾಗೇ ಮಾರುವುದರಿಂದ ಒಂಟಿ ಸಿಗುವುದು ಕಷ್ಟ, ಮಾದರಿ ನಿಂತುಹೋಗುವ ಮೊದಲೇ ಕೇಳಿಟ್ಟುಕೊಳ್ಳಿ.

ಯಾವುದನ್ನೇ ತಂದರೂ ಕೆಡಿಸುವುದು ಶೋಕೇಸ್. ಖಾನೆಯ ಒಳಗೆ ಹಿಂದಕ್ಕೆ ತಳ್ಳಿಟ್ಟರೆ ಗಂಡಸರ ದನಿ ಹಗೇವಿನೊಳಗೆ ಇಳಿದು ಮಾತಾಡಿದಂತೆ ಗುಂಯ್ ಎನ್ನುತ್ತದೆ. ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಸಮ ಇರಲಿ, ಒಂದು ಸೆಂ.ಮೀ. ಹೊರಗೆ ಬಂದರೆ ಇನ್ನೂ ಚಲೋ. ಅಕ್ಕಪಕ್ಕದ ಖಾಲಿ ಜಾಗಕ್ಕೆ ಹಳೆಯ ಕೌದಿ ಮಡಚಿ ತುರುಕಿ. ಪೋರ್ಟ್ (ಪೆಟ್ಟಿಗೆಯ ಗಾಳಿ ಹಾಯುವ ತೂತು) ಹಿಂದಿದ್ದರೆ ಹಿಂಬದಿ 10 ಸೆಂ.ಮೀ. ಬಿಡಬೇಕು, ಜಾಗವಿಲ್ಲದಿದ್ದರೆ ಪೋರ್ಟಿಗೆ ಫೋಮ್ ತುಂಬಿ.

ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದ್ದ ಸ್ಪೀಕರ್ ಮೊಣಕಾಲಿಗೆ ಮಾತಾಡುತ್ತಿರುತ್ತದೆ. 25 ಸೆಂ.ಮೀ. ಆಳದ ಪೆಟ್ಟಿಗೆಯ ಮುಂಭಾಗವನ್ನು 4 ಸೆಂ.ಮೀ. ಎತ್ತಿದರೆ ಸುಮಾರು 9 ಡಿಗ್ರಿ ಮೇಲೆ ನೋಡುತ್ತದೆ, ಎಲ್ಲರೂ ನೆಲದ ಮೇಲೇ ಕೂಡುವ ಮನೆಗೆ 3 ಸೆಂ.ಮೀ. ಸಾಕು. ಬಾಗಿಲಿಗೆ ಇಡುವ ರಬ್ಬರ್ ಸ್ಟಾಪರ್ ಎರಡು ತಂದರೆ ಕೆಲಸ ಮುಗಿಯಿತು. ಸ್ಪೀಕರ್ ಮತ್ತು ಜನರ ನಡುವಿನ ಫರಸಿಯ ಮೇಲೆ ಜಮಖಾನೆ ಇದ್ದೇ ಇರಲಿ, ಬರೀ ಕಲ್ಲಿಗೆ ತಾಗಿ ಪುಟಿಯುವ ‘ಸ’ಕಾರ ‘ಶ’ಕಾರಗಳು ಕಿವಿಗೆ ಚುಚ್ಚುತ್ತವೆ.

ರಿಸೀವರಿನಲ್ಲಿ ಸೆಂಟರ್ ‘ಸ್ಮಾಲ್’ (ಕೆಳಸ್ವರವನ್ನು ಅದಕ್ಕೆ ಕಳಿಸದ ಆಯ್ಕೆ) ಇರಲಿ, 4 ಇಂಚಿನ ವೂಫರಾದರೆ ಕ್ರಾಸ್‌ಓವರ್ 100 ಅಥವಾ 120 ಹರ್ಟ್ಸ್. ಫ್ಯಾನ್ ಆರಿಸಿ ಕ್ಯಾಲಿಬ್ರೇಟ್ ಮಾಡಿ. ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ಐದರಲ್ಲಿ ತಿರುಗುವಾಗ ಸೆಂಟರನ್ನಷ್ಟೇ 2 ಡೆಸಿಬಲ್ ಏರಿಸಿದರೆ ಮಾತು ತೇಲಿ ಬರುತ್ತದೆ. ಮೂರು ದಾಟಿದರೆ ಪಾತ್ರಗಳೆಲ್ಲ ಟಿವಿಯಿಂದ ಇಳಿದು ಶೋಕೇಸಿನಲ್ಲಿ ಕೂತು ಮಾತಾಡತೊಡಗುತ್ತವೆ.